ಇವರು ನಿಮಗೆ ಏನಾಗಬೇಕು?

ಮಾರ್ಚ್ 3, ಸಂಜೆ

ಲ್ಯಾಬ್‌ನಿಂದ ಈಗ ಬಂದೆ. ಆ ನಿವೃತ್ತ ಪೋಸ್ಟ್‌ಮ್ಯಾನ್‌ರ ಮೇಲ್ದವಡೆಯ ಹಲ್ಲುಸೆಟ್ ಮತ್ತೆ ವಾಪಸ್. ಕಚ್ಚಿದರೆ ನೋವಂತೆ. ಇನ್ನಷ್ಟು ಉಜ್ಜಬೇಕು. ಉಗುರಿನ ಸಂದಿಯಲ್ಲೆಲ್ಲ ಗುಲಾಬಿ ಪುಡಿ.

ನಮ್ಮ ಜೊತೆ ಇರುವವರನ್ನೂ ಲ್ಯಾಬ್‌ನ ಇನ್ಶೂರೆನ್ಸ್‌ಗೆ ಸೇರಿಸಬಹುದಂತೆ, ಮದುವೆ ರಿಜಿಸ್ಟರ್ ಆಗಿದ್ದರೆ ಮಾತ್ರ. ಮದುವೆಯಿಲ್ಲದೆ ಇಷ್ಟು ವರ್ಷ ಜೊತೆಗಿರುವ ನನ್ನ ವಾದಿಗೆ ಹೇಳಿದ್ದೇ ತಪ್ಪಾಯಿತು. ಲಿಫ್ಟ್ ರಿಪೇರಿ ಮಾಡುವವನಿಗೆ ಇಷ್ಟು ವಾದ ಯಾಕೋ. ನಾನಿಟ್ಟ ಹೆಸರು ಸುಳ್ಳಲ್ಲ.

“ಸರ್ಕಾರ ಇರೋದು ರಸ್ತೆ ಹಾಕೋಕೆ. ನಾನ್ ಯಾರ ಜೊತೆ ಇರ್ತೀನಿ ಅಂತ ಅದಕ್ಯಾಕೆ? ಸಹಿ ಹಾಕಿದೋರಿಗೆ ಸವಲತ್ತು, ಒಂಟಿಯಾಗಿರೋ ನಿಮ್ಮಕ್ಕಂಗೆ ಏನೂ ಇಲ್ಲ. ಅವಳೇನು ಪಾಪ ಮಾಡಿದಾಳೆ?”

ಅಕ್ಕನ ವಿಷಯ ನಿಜ. ಆದರೂ... ತಟ್ಟೆ ಹಾಕಿದೆ. ಊಟ ಆರುತ್ತಿತ್ತು.

ಮಾರ್ಚ್ 9

ವಾದಿಯ ಬಿಪಿ ತೋರಿಸಲು ಆಸ್ಪತ್ರೆ. ಕೌಂಟರ್ ಹುಡುಗಿ ನನ್ನ ಕಡೆ ಕೈ ಮಾಡಿ ಅವನನ್ನು ಕೇಳಿದಳು, “ಇವರು ನಿಮಗೆ ಏನಾಗಬೇಕು?”

“ಏನೂ ಆಗ್ಬೇಕಿಲ್ಲಮ್ಮ. ಆಗ್ಬೇಕಾದ್ದೆಲ್ಲ ಆಗಿದೆ!”

ನನಗೂ ನಗು ತಡೆಯಲಿಲ್ಲ. ಅವಳು ನಗಲಿಲ್ಲ, ಟೈಪ್ ಮಾಡಿದಳು. ಹಾಗಾದರೆ ತುರ್ತಿಗೆ ಸಂಬಂಧಿಕರ ನಂಬರ್ ಕೊಡಿ ಅಂದಳು. ತನ್ನ ತಮ್ಮನದು ಕೊಟ್ಟ. ಅಣ್ಣತಮ್ಮಂದಿರು ಮಾತು ಬಿಟ್ಟು ಯಾವ ಕಾಲವಾಯಿತೋ.

“ಬಿಡೇ, ಯಾರು ಫೋನ್ ಮಾಡ್ತಾರೆ?”

ಮಾರ್ಚ್ 21

ಕೆಲಸದಲ್ಲೇ ಬಿದ್ದ. ಮಿದುಳಿನಲ್ಲಿ ರಕ್ತಸ್ರಾವವಂತೆ. ಅದೇ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನರ್ಸ್ ಕಂಪ್ಯೂಟರ್ ನೋಡಿದಳು.

“ಸಂಬಂಧ ಇಲ್ಲ ಅಂತ ಇದೆಯಲ್ಲಮ್ಮ. ಮನೆಯವರನ್ನ ಮಾತ್ರ ಬಿಡೋದು.”

ಚೀಲದಿಂದ ಮನೆಯ ಬೀಗದಕೈ ತೆಗೆದು ತೋರಿಸಿದೆ. ಹುಚ್ಚಿಯ ಹಾಗೆ. ನೋಡಿ, ನಾನೇ ಮನೆಯವಳು...

ಮಾರ್ಚ್ 22

ವಾದಿಯ ತಮ್ಮ ಬಂದ. ಅದೇ ಮೂಗು. ಡಾಕ್ಟರ್ ಅವನೊಂದಿಗೇ ಮಾತಾಡಿದರು, ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಜೀವಕ್ಕೆ ಅಪಾಯವಿಲ್ಲ. ಬಲಗೈ ಸ್ವಾಧೀನವಿಲ್ಲ. ಮಾತು ಹೋಗಿದೆ — ವಾದಿಯ ಮಾತು!

ಸ್ವಲ್ಪ ಸುಧಾರಿಸಿದ ಮೇಲೆ ತನ್ನೂರಿಗೆ ಕರೆದೊಯ್ಯುತ್ತಾನಂತೆ. ಕೇಳಲಿಲ್ಲ, ತಿಳಿಸಿದ.

“ಇಲ್ಲೇ ಇರ್ಲಿ, ನಾನ್ ನೋಡ್ಕೋತೀನಿ” ಅಂದೆ.

“ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅತ್ತಿಗೆ ಅಂತ ಕರೆಯೋಣ ಅಂದ್ರೆ ಮೊದಲ ಸಲ ಮನೆಗೆ ಬಂದಾಗ ನೀವೇ ನಕ್ಬಿಟ್ರಿ. ಈಗ ಏನಂತ ಕರೀಲಿ, ನೀವೇ ಹೇಳಿ?”

ಕೆಟ್ಟವನಲ್ಲ. ಅದೇ ಕಷ್ಟ.

ಮಾರ್ಚ್ 27

ರಿಜಿಸ್ಟ್ರಾರ್ ಕಚೇರಿ. ಇಬ್ಬರೂ ಬರಬೇಕು, ಒಂದು ತಿಂಗಳ ನೋಟಿಸ್, ಆಮೇಲೆ ಇಬ್ಬರೂ ಬಾಯಿಬಿಟ್ಟು ಒಪ್ಪಬೇಕು.

“ಅವರಿಗೆ ಮಾತು ಬರಲ್ಲ ಸಾರ್.”

“ಬಂದಾಗ ಬನ್ನಿ.”

ಹೊರಗೆ ಬೆಂಚಿನ ಮೇಲೆ ಕೂತೆ. ಅಳು ತಡೆಯಲಾಗಲಿಲ್ಲ. ಸರ್ಕಾರದ ಮೇಲೆ ಸಿಟ್ಟು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದು ಯಾವ ಲೆಕ್ಕಕ್ಕೂ ಇಲ್ಲವೇ? ವಾದಿಯ ಮೇಲೆ ಇನ್ನೂ ಸಿಟ್ಟು. ನಿನ್ನ ಮಾತು ಸರಿ ಕಣೋ, ಇವತ್ತಿಗೂ ಸರಿ. ಬಾಗಿಲ ಹೊರಗೆ ನಿಂತವಳು ಆ ಸರಿಯನ್ನು ಇಟ್ಟುಕೊಂಡು ಏನು ಮಾಡಲಿ?

ಕಡಲೆ ಇದ್ದಾಗ ಹಲ್ಲಿಲ್ಲ. ಊರಿಗೆಲ್ಲ ಹಲ್ಲು ಕಟ್ಟುವವಳು ನಾನು.

ಏಪ್ರಿಲ್ 2

ತಮ್ಮ ಹೇಳಿ ನನ್ನನ್ನು ಒಳಗೆ ಬಿಡಿಸಿದ. ಸ್ಪೀಚ್ ಥೆರಪಿಸ್ಟ್ ಬಂದಿದ್ದಳು. ಪರೀಕ್ಷೆ ಮಾಡಲು ನನ್ನನ್ನು ತೋರಿಸಿ ಅವನನ್ನು ಕೇಳಿದಳು, “ಇವರು ನಿಮಗೆ ಏನಾಗಬೇಕು?”

ವಾದಿ ನನ್ನನ್ನೇ ನೋಡಿದ. ತುಟಿ ಸೊಟ್ಟಗಾಗಿ ತಿಣುಕಿದ. “ಏ... ನೂ...”

ಅಷ್ಟೇ. ಮುಂದಕ್ಕೆ ಬರಲಿಲ್ಲ. ಕಣ್ಣಲ್ಲಿ ನಗುತ್ತಿದ್ದ, ಕಳ್ಳ. ಉಳಿದರ್ಧ ನನಗೆ ಗೊತ್ತು. ತಮ್ಮನಿಗೆ ಗೊತ್ತಿಲ್ಲ. ಅವನು ಪಾಪ ಅನ್ನುವಂತೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ.

ಏಪ್ರಿಲ್ 3, ಬೆಳಿಗ್ಗೆ

ಇವತ್ತೇ ಹೊರಡುವುದು. ಆಂಬುಲೆನ್ಸ್‌ನಲ್ಲಿ ಜೊತೆಗೆ ಒಬ್ಬರಿಗೇ ಜಾಗ, ಮನೆಯವರು ಮಾತ್ರ. ತಮ್ಮ ಬಾಗಿಲ ಹತ್ತಿರ ನಿಂತಿದ್ದಾನೆ. ನಾನೂ ಚೀಲ ತಂದಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಲ್ಯಾಬ್‌ಗೆ ರಜೆ ಹೇಳಿಲ್ಲ, ಪೋಸ್ಟ್‌ಮ್ಯಾನ್‌ರ ಹಲ್ಲು ಹಾಗೇ ಉಳಿದಿದೆ.

ಸ್ಟ್ರೆಚರ್ ಬಂತು. ಆಂಬುಲೆನ್ಸ್‌ನವನು ಕೇಳೇ ಕೇಳುತ್ತಾನೆ. ಕೇಳಲಿ. ಈ ಸಲ ನಗುವುದಿಲ್ಲ, ಬಾಯಿಬಿಟ್ಟು ಹೇಳುತ್ತೇನೆ. ಇವನು ನನಗೆ...