ಕಟ್ಟಿಗಿ ಅಡ್ಡೆ ಮುಂದ ನಿಂತ ಟಾಂಗಾ

ಗದಗ,
ತಾ. ೧೩-೨-೧೯೭೯, ಮಂಗಳವಾರ

ಪ್ರೀತಿಯ ದಿಲಶಾದ ಆಪಾಗ,

ನಿನ್ನ ತಮ್ಮ ನಿಜಾಮನ ಸಲಾಮ. ನೀನು, ಭಾವ, ಸಣ್ಣಾಕಿ ಜನ್ನತ ಆರಾಮ ಅದೀರಿಲ್ಲೋ? ಥಂಡ್ಯಾಗ ನಿನ್ನ ಕೆಮ್ಮು ಹೆಂಗೈತಿ? ನಾವೂ ಇಲ್ಲೆ ಆರಾಮ ಅಂತ ಬರೀಬೇಕು, ಹಂಗ ಬರಿಯೂದು ಪದ್ಧತಿ. ಖರೆ ಅಮ್ಮಾ ರೊಟ್ಟಿ ಮುರದು ಹಂಗ ಕೈಯಾಗ ಹಿಡಕೊಂಡು ಕುಂತಬಿಡತಾಳ, ನನಗರ ಒಂದ ಕಡೆ ಕುಂಡ್ರಾಕ ಆಗವಲ್ದು. ಗದಗಿನಿಂದ ಬೆಟಗೇರಿ ಎಷ್ಟು ದೂರ ಅಂತ ಇನ್‌ಲ್ಯಾಂಡ್ ಪತ್ರ ಹಾಕತೀಯೋ ಅಂತ ಟಪಾಲ ಪುಂಡಲೀಕಪ್ಪ ನಗತಾನ. ನಗಲಿ. ನಿನ್ನ ಮುಂದ ಬಂದು ನಿಂತ್ರ ನನ್ನ ನಾಲಿಗಿ ಏಳೂದಿಲ್ಲ. ಮನ್ಯಾಗ ನಾವು ಮಾತಾಡೂ ಭಾಷಾ ಬ್ಯಾರೆ, ಆದ್ರ ಮಾಸ್ತರ ಹೊಡದು ಹೊಡದು ಕಲಿಸಿದ್ದು ಕನ್ನಡ, ಬರಿಯಾಕ ಕೈ ಓಡೂದೂ ಇದರಾಗನ.

ನೀ ಜಹಾಂಗೀರ ಚಾಚಾನ ಕೈಯಾಗ ಹೇಳಿ ಕಳಿಸಿದ ಮಾತು ಬಂದು ಮುಟ್ಟೇತಿ. "ಅಬ್ಬಾನ ಮಾರಿ ನೋಡಾಕ ಕರೀದವ್ರು ನಲವತ್ತರ ಫಾತೇಹಾಕ್ಕ ಯಾಕ ಕರೀತಾರ? ಹಡದ ತಾಯಿ ಇದ್ದೂ ಹಿಂಗ ಮಾಡಿದ್ಲು. ನಾ ಬರೂದಿಲ್ಲ" ಅಂದೆಂತ. ಅಮ್ಮಾ ಕೇಳಿ ಸೆರಗ ಬಾಯಿಗೆ ಹಿಡಕೊಂಡ್ಲು. ಶುಕ್ರವಾರಕ್ಕ ಅಬ್ಬಾ ಹೋಗಿ ನಲವತ್ತು ದಿವಸ ಆಪಾ. ನೀ ಮಂದಿ ಬಾಯಾಗ ಏನೇನ ಕೇಳೀಯೋ, ನಾ ಹೇಳತೀನಿ ಕೇಳು. ಅವತ್ತು ಮುಂಜಾನೆ ಸ್ಟೇಶನ್ ಟಾಂಗಾ ಸ್ಟ್ಯಾಂಡಿನ್ಯಾಗ ಸೊಲ್ಲಾಪುರ ಗಾಡಿ ಹಾದಿ ಕಾಯ್ಕೋತ ಚಾ ಕುಡದಾನ, ಬಸಿ ಕೆಳಗಿಟ್ಟಾನ, ಗಾಲಿಗೆ ಬೆನ್ನು ಹಚ್ಚಿ ಕುಂತಾನ. ಗಾಡಿ ಬಂತು. ಮಂದಿ "ಶೇಖಸಾಬ, ಏಳೋ" ಅಂದ್ರು, ಏಳಲಿಲ್ಲ. ಜಡ್ಡಿಲ್ಲ ಜಾಪತ್ರಿಲ್ಲ, ಹಿಂಗೂ ಹೋಗತಾರೇನ ಯಾರರ? ಹಿಂದಿನ ದಿನ ನನಗ "ಗಿರಣಿ ಭೋಂಗಾ ಕೂಗಿತು, ಏಳಲೇ ಕುಂಭಕರ್ಣಾ" ಅಂತ ಬೈದಿದ್ದ. ಈಗ ಬೈಯವರಿಲ್ಲ, ನಸಿಕಿನ್ಯಾಗ ತಾನ ಎಚ್ಚರ ಆಗತೈತಿ.

ಎಂಟು ದಿವಸ ಆದಮ್ಯಾಲೆ ಗಿರಣಿ ಕೆಲಸ ಬಿಟ್ಟು ಅಬ್ಬಾನ ಟಾಂಗಾ ನಾ ಹೂಡಿದೆ. ಆ ಕುದರಿ ನನ್ನ ಹೈರಾಣ ಮಾಡೇತಿ ನೋಡವಾ. ಹನ್ನೊಂದರ ಗಾಡಿ ಮಂದೀನ ಬೆಟಗೇರ್ಯಾಗ ಇಳಿಸಿ ಹೊಳ್ಳಿಸಿದ್ರ ಸಾಕು, ಸೀದಾ ನಿಮ್ಮ ಓಣಿ ಮೂಲಿಗೆ ಹೋಗಿ ಗೋಣೆಪ್ಪನ ಕಟ್ಟಿಗಿ ಅಡ್ಡೆ ಮುಂದ, ಆ ದೊಡ್ಡ ಒಟ್ಟಿಲಿನ ಮರಿಗೆ ನಿಂತಬಿಡತೈತಿ. ಮೊದಲನೇ ದಿನ ಸಿಟ್ಟು ಬಂದು ಎರಡು ಬಿಟ್ಟೆ, ಕಿವಿ ಸೈತ ಅಲಗಸಲಿಲ್ಲ. ಗೋಣೆಪ್ಪ ಓಡಿ ಬಂದು ನನ್ನ ಕೈ ಹಿಡದ. "ಹೊಡೀಬ್ಯಾಡೋ ತಮ್ಮಾ, ಅದರ ತಪ್ಪೇನೈತಿ? ನಿಮ್ಮಪ್ಪ ಮೂರು ವರ್ಷದಿಂದ ದಿನಾ ಇಲ್ಲೆ ನಿಂದರಸತಿದ್ದ. ಕೇಳಿದ್ರ ಕುದರಿಗೆ ನೀರು ಕುಡಸಬೇಕು ಅಂತಿದ್ದ. ಇಲ್ಲೆಲ್ಲೈತಿ ನೀರು? ಆ ಹುಡುಗಿ ಅಂಗಳಕ್ಕ ಬಂದು ಅರಿವಿ ಒಣಹಾಕಿ ಒಳಗ ಹೋಗೂತನಾ ನೋಡಿ ಹೋಗತಿದ್ದ" ಅಂದ.

ಆ ಹುಡುಗಿ ಅಂದ್ರ ನೀನ ಆಪಾ. ಅಬ್ಬಾ ಮುಂಡರಗಿ ಮಂದಿಗೆ ಕೊಟ್ಟ ಮಾತು ಮುರದು ನೀ ಭಾವನ್ನ ಲಗ್ನಾ ಆದಾಗ, "ಆ ಓಣಿ ಕಡೆ ನನ್ನ ಕುದರಿ ಸೈತ ಮಾರಿ ಮಾಡೂದಿಲ್ಲ" ಅಂತ ನಾಕು ಮಂದಿ ಕೇಳೂಹಂಗ ಒದರಿದ ಮನಶಾ! ನಿನ್ನ ಹೆಸರು ತಗದ್ರ ತಾಟು ಸರಿಸಿ ಎದ್ದು ಹೋಗತಿದ್ದ. ಜನ್ನತ ಹುಟ್ಟಿದಾಗ ಅಮ್ಮಾ ಹೊಲದಿಟ್ಟ ಕುಂಚಿಗಿ ಕಳಸಗೊಡಲಿಲ್ಲ. ಎಂಥಾ ಹಟಮಾರಿ, ಎಂಥಾ ಕಳ್ಳ ನೋಡು ನಮ್ಮ ಅಬ್ಬಾ! ಜನ್ನತ ಮೊದಲನೇ ಸಲ ಅಂಗಳದಾಗ ಹೆಜ್ಜಿ ಇಟ್ಟಾಗ ಚಪ್ಪಾಳಿ ಬಡದು, ಯಾರರ ನೋಡಿದ್ರೇನೋ ಅಂತ ಅತ್ತಾಗಿತ್ತಾಗ ನೋಡಿದನಂತ. ಗೋಣೆಪ್ಪ ನಿನ್ನ ಮಗಳಿಗೆ ಪ್ಯಾರಲ ಹಣ್ಣು ಕೊಡತಿದ್ದನಲ್ಲ, ಅವು ಯಾರವು ಅಂತ ತಿಳದೀ? "ನಾ ಕೊಟ್ಟೆ ಅಂತ ಹೇಳಿದ್ರ ನಿನ್ನ ಕಟ್ಟಿಗಿಗೆ ಬೆಂಕಿ ಹಚ್ಚತೀನಿ" ಅಂತ ಅಬ್ಬಾ ಹೆದರಿಸಿದ್ದನಂತ. ನನಗ ನಗೂನೂ ಬಂತು, ಅಲ್ಲೆ ಟಾಂಗಾದ ಮ್ಯಾಲೆ ಕುಂತು ಅಳಾಕೂ ಬಂತು. ಆವಾಗಿಂದ ಮೂರು ಸರೆ ಇಳದು ನಿಮ್ಮ ಬಾಗಲಾತನಾ ಬಂದು ಹೊಳ್ಳಿ ಹೋಗೀನಿ. ಒಮ್ಮೆ ನೀ ಒಳಗ ಕೆಮ್ಮಿದ್ದೂ ಕೇಳಿಸ್ತು.

ಶುಕ್ರವಾರ ಬಾ ಆಪಾ. ಅಬ್ಬಾ ನಿನ್ನ ಮ್ಯಾಲೆ ಸಿಟ್ಟು ಹೊತಗೊಂಡು ಹೋಗಿಲ್ಲ, ಇದನ್ನ ನಾ ಆಣಿ ಮಾಡಿ ಹೇಳತೀನಿ. ಅಮ್ಮಾನ ಮ್ಯಾಲೆ ನೀನೂ ಸಿಟ್ಟು ಹಿಡೀಬ್ಯಾಡ. ಭಾವಗ ಸಲಾಮ ಹೇಳು, ಜನ್ನತಗ ಎರಡು ಗಲ್ಲಕ್ಕೂ ಮುದ್ದು ಕೊಡು. ಅಜಿವಾನ ಕುದಿಸಿ ಕುಡಿ, ಕೆಮ್ಮು ಸಡ್ಲ ಆಗತೈತಿ. ಅಲ್ಲಾ ನಿಮ್ಮನ್ನ ಸುಖದಾಗ ಇಡಲಿ.

ನಿನ್ನ ತಮ್ಮ,
ನಿಜಾಮುದ್ದೀನ

ತಾ.ಕ.: ಅಂಟು ಹಚ್ಚಿದ್ದೆ, ಹರದು ಮತ್ತ ಬಿಚ್ಚೀನಿ. ಅವತ್ತು ನಿನಗ ಖಬರ ಕೊಡಬ್ಯಾಡ ಅಂದಾಕಿ ಅಮ್ಮಾ ಅಲ್ಲ. ಚಾಚಾ ಸೈಕಲ್ ತಗೊಂಡು ನಿಂತಿದ್ದ, "ದಿಲಶಾದಗ ಹೇಳಿ ಬರಲೇನು?" ಅಂತ ನನ್ನ ಕೇಳಿದ. "ಬ್ಯಾಡ, ಅಬ್ಬಾಗ ಸೇರೂದಿಲ್ಲ" ಅಂದಾವ ನಾನು. ಅಮ್ಮಾ ಅಳೂದ್ರಾಗ "ದಿಲ್ಲೂ ಬಂದ್ಲೇನು?" ಅಂತ ಎರಡು ಸರೆ ಬಾಗಲಾ ನೋಡಿದ್ಲು. ಬರಾಕತ್ತಾಳ ಅಂತ ಸುಳ್ಳು ಹೇಳಿದೆ. ಸಂಜಿಮುಂದ ಅಸರ ನಮಾಜಿಗೆ ಅಬ್ಬಾನ ಮಣ್ಣಿಗೆ ಎತ್ತಿದ್ರು. ಈಗ ಅಮ್ಮಾಗ ಎಲ್ಲಾ ಗೊತ್ತೈತಿ, ಆದ್ರೂ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡಾಳ. ಯಾಕ ಅಂದ್ರ, "ಅಪ್ಪ ಅಂತೂ ಹ್ವಾದ, ಆಕಿಗೆ ತಮ್ಮನರ ಇರಲಿ" ಅಂತಾಳ. ನನ್ನ ಮಾರಿ ನೋಡಾಕ ಆಗೂದಿಲ್ಲಂದ್ರ ಗೋಣೆಪ್ಪನ ಮುಂದ ಒಂದ ಮಾತ ಹೇಳಿಬಿಡು ಆಪಾ. ಶುಕ್ರವಾರ ನಾ ಮನ್ಯಾಗ ಇರೂದಿಲ್ಲ. ಅಬ್ಬಾನ ಫಾತೇಹಾಕ್ಕ ನಮ್ಮಿಬ್ಬರಾಗ ಒಬ್ಬರ ಇರೂದಾದ್ರ, ಈ ಸಲ ನೀ ಇರು.