ಉಡ, ಮಂಗಟ್ಟೆ ಮತ್ತು ನಿನ್ನ ಸೋದರತ್ತೆ

ಝೂ ಕ್ವಾರ್ಟರ್ಸ್
ಮಾರ್ಚ್ ೯, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಡ್ಯೂಟಿ ಮುಗಿಸಿ ಬಂದವಳು ಬರೀ ಬ್ರೆಡ್ಡು ತಿಂದು ಮಲಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕೂಸು ಗುಂಡನಿಗೆ ಮೇಲೊಂದು ಹಲ್ಲು ಬಂದಿದೆ; ಅದರ ಹರಿತ ನನ್ನ ಬೆರಳಿಗೆ ಗೊತ್ತು.

ನರ್ಸಿಂಗ್ ಬಿಟ್ಟು ಬಂದುಬಿಡುತ್ತೇನೆ ಎಂದು ನೀನು ಬರೆದದ್ದು ಓದಿ ಕೂಡಲೇ ಈ ಕಾಗದ ಬರೆಯಲು ಕೂತೆ. ಇದೆಲ್ಲ ಶುರುವಾದದ್ದು ನಿನ್ನ ಸೋದರತ್ತೆ ಝೂ ನೋಡಲು ಬಂದ ದಿನ. ನಾನೇ ಪಾಸು ಕೊಡಿಸಿ ಸುತ್ತಾಡಿಸಿದ್ದೆ. ದೈತ್ಯ ಉಡದ ಬೋರ್ಡಿನಲ್ಲಿ, ತಾಯಿ ಮರಿಗಳನ್ನು ಸಾಕುವುದಿಲ್ಲ ಎಂದಿತ್ತು. ಪಕ್ಕದ ಮಂಗಟ್ಟೆ ಹಕ್ಕಿಯ ಬೋರ್ಡಿನಲ್ಲಿ, ತಾಯಿ ಮರದ ಪೊಟರೆಯೊಳಗೆ ಕೂತು, ಒಂದು ಬಿರುಕು ಬಿಟ್ಟು ಪೊಟರೆಯ ಉಳಿದ ಬಾಯಿಯನ್ನೆಲ್ಲ ಮಣ್ಣು ಮೆತ್ತಿ ಮುಚ್ಚಿಕೊಂಡು ಮರಿಗಳ ಜೊತೆಗೇ ಇರುತ್ತದೆ ಎಂದಿತ್ತು. ಅಷ್ಟು ಸಾಕಾಯಿತು ಅವಳಿಗೆ. ಮನೆಗೆ ಹೋದವಳೇ ನಿನಗೆ ಫೋನು ಮಾಡಿ, "ನೀನೂ ಆ ಉಡದ ಹಾಗೇ ಕಣೇ, ಹೆತ್ತು ಬಿಟ್ಟು ಹೋದೆ" ಅಂದಳಂತೆ. ಬಾಯಿಗೆ ಬೀಗವಿಲ್ಲದ ತಂಗಿ ನನ್ನವಳು, ಏನು ಮಾಡಲಿ.

ಇಷ್ಟು ವರ್ಷ ಎರಡಕ್ಕೂ ಊಟ ಹಾಕಿದವನು ನಾನು, ನನ್ನ ಮಾತು ಕೇಳು. ಉಡ ಸುಮ್ಮನೆ ಎದ್ದು ಹೋಗುವುದಿಲ್ಲ. ಮೊಟ್ಟೆ ಹೂತ ಜಾಗದ ಸುತ್ತ ಕಳ್ಳರನ್ನು ಏಮಾರಿಸಲು ಸುಳ್ಳು ಗುಂಡಿ ತೋಡುತ್ತದೆ, ತಿಂಗಳುಗಟ್ಟಲೆ ಅಲ್ಲೇ ಮೈಚಾಚಿ ಕಾಯುತ್ತದೆ. ಆಮೇಲೆ ಮರಿಗಳು ಕಣ್ಣಿಗೆ ಬಿದ್ದರೆ ದೊಡ್ಡ ಉಡಗಳು ತಿಂದೇಬಿಡುತ್ತವೆ. ಅದನ್ನು ಮಾತ್ರ ಅತ್ತೆಗೆ ಹೇಳಬೇಡ. ಮಂಗಟ್ಟೆಯದು ದೊಡ್ಡ ಮನಸ್ಸು, ಒಪ್ಪಿದೆ. ಆದರೆ ಅದು ಒಳಗೆ ಕೂರುವುದು ಹೊರಗಿನಿಂದ ತಂದುಕೊಡಲು ಗಂಡು ಇದೆ ಅಂತ. ಹೋದ ವರ್ಷ ಗಂಡು ಕಾಯಿಲೆ ಬಿದ್ದಾಗ ಏಣಿ ಹತ್ತಿ ಇಕ್ಕಳದಲ್ಲಿ ಹಣ್ಣು ಹಿಡಿದವನು ನಾನೇ. ಎಷ್ಟು ಹೊತ್ತು ಹಿಡಿದರೂ ಮುಟ್ಟಲಿಲ್ಲ. ಗಂಡು ಬಂದಾಗೆಲ್ಲ ಕೊಕ್ಕಿನಿಂದ ಮರ ಕುಟ್ಟುತ್ತಿದ್ದದ್ದು ನೆನಪಾಗಿ ಇಕ್ಕಳದಿಂದ ಟಕಟಕ ಕುಟ್ಟಿದೆ. ಬಿರುಕಿನಿಂದ ಕೊಕ್ಕಿನ ತುದಿ ಹೊರಗೆ ಬಂತು. ಮರಿಗಳು ಬದುಕಿದವು. ಈಗ ಅದೇ ಅಭ್ಯಾಸದಲ್ಲಿ ಗುಂಡನ ಬಟ್ಟಲಿಗೂ ಚಮಚ ಕುಟ್ಟುತ್ತೇನೆ, ಅವನೂ ಬಾಯಿ ತೆರೆಯುತ್ತಾನೆ. ಇವನೇನು ಹಕ್ಕಿಯಾ ಅಂತ ನಿನ್ನಮ್ಮ ನಗುತ್ತಾಳೆ.

ಅಳಿಯಂದಿರ ಹಡಗು ಬರಲು ಇನ್ನೂ ತಿಂಗಳುಗಳಿವೆ, ನಿನ್ನ ಪರೀಕ್ಷೆಗೂ ಅಷ್ಟೇ. ಆ ನರ್ಸಿಂಗ್ ಸೀಟಿಗಾಗಿ ಉಡದ ಪಟ್ಟು ಹಿಡಿದವಳು ನೀನು, ಈಗ ಕೈಬಿಡಬೇಡ. ನೀನು ಕೆಟ್ಟ ತಾಯಿಯಲ್ಲ ಮಗಳೇ. ಅಷ್ಟು ದೂರದಲ್ಲಿ ಒಬ್ಬಳೇ ಕೂತು ಅಳುತ್ತಿದ್ದೀಯಲ್ಲ, ಅದೊಂದೇ ನನ್ನ ಸಂಕಟ.

ನಿನಗೆ ಒಳ್ಳೆಯದಾಗಲಿ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಪ್ಪ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನಮ್ಮ ಗುಂಡನನ್ನು ಎತ್ತಿಕೊಂಡು ಭಾನುವಾರದ ರೈಲಿಗೆ ಬರುತ್ತಿದ್ದಾಳೆ. ನಿನ್ನ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ರೂಮು ಗೊತ್ತುಮಾಡಿದ್ದೇವೆ. ಪರೀಕ್ಷೆ ಮುಗಿಯುವವರೆಗೆ ಇಬ್ಬರೂ ಅಲ್ಲೇ ಇರುತ್ತಾರೆ. ನನ್ನ ಅಡುಗೆಯ ಚಿಂತೆ ನಿನಗೆ ಬೇಡ. ಗುಂಡ ಮಂಚ ಹಿಡಿದು ನಿಲ್ಲುತ್ತಿದ್ದಾನೆ, ಇವತ್ತೋ ನಾಳೆಯೋ ನಡೆದುಬಿಡುವ ಹಾಗಿದ್ದಾನೆ. ಅವನು ಕೈ ಬಿಟ್ಟಾಗಲೆಲ್ಲ ನಾನು ಎತ್ತಿಕೊಂಡುಬಿಡುತ್ತೇನೆ. ಮೊದಲ ಹೆಜ್ಜೆ ನೀನು ನೋಡಬೇಕು.