ಕಮಲಾ ದೀದಿಯ ಜಾಗ

ಬಂಗಾಲಿ ಟೋಲಾ, ವಾರಾಣಸಿ
೨೮ ಸೆಪ್ಟೆಂಬರ್ ೨೦೦೬

ಪ್ರೀತಿಯ ತಂಗಿ ರೇಖಾಳಿಗೆ ಅಕ್ಕನ ಮನಸಾರೆ ಹಾರೈಕೆ.

ನಿನ್ನ ಕಾಗದ ಬಂದು ಮಳೆಗಾಲವೇ ಮುಗಿಯುತ್ತಾ ಬಂತು. ಸಿಟ್ಟಾಗಬೇಡ. ಇಲ್ಲಿ ಗಂಗೆ ಇಳಿದು ಮೆಟ್ಟಿಲ ಮೇಲೆಲ್ಲ ಕೆಸರು ಬಿಟ್ಟಿದ್ದಾಳೆ. ನಿನ್ನ ಭಾವ ಮಠದಲ್ಲಿ ಯಾತ್ರಿಕರ ಊಟ, ವಸತಿ ನೋಡಿಕೊಳ್ಳುತ್ತಾ ಆರಾಮವಾಗಿದ್ದಾರೆ.

ನರ್ಸಿಂಗ್ ಓದು ಮುಗಿಯಿತು, ನಾನಿರುವ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕೀತೇ ಎಂದು ನೀನು ಕೇಳಿದ್ದೆ. ಸಿಕ್ಕರೂ ಸಿಕ್ಕೀತು, ಒಂದು ಜಾಗ ಖಾಲಿಯಿದೆ. ಅದು ಹೇಗೆ ಖಾಲಿಯಾಯಿತೆಂದು ಬರೆಯಲು ಕೈ ಏಳಲಿಲ್ಲ. ಅದಕ್ಕೇ ಇಷ್ಟು ತಡ.

ನಮ್ಮ ಮಕ್ಕಳ ವಾರ್ಡಿನ ಹಿರಿಯ ನರ್ಸ್ ಕಮಲಾದೇವಿ, ಎಲ್ಲರಿಗೂ ದೀದಿ, ಅಂದರೆ ಅಕ್ಕ. ಭಾಷೆ ಬಾರದೆ ತಡವರಿಸುತ್ತಿದ್ದ ನನಗೆ ಹಿಂದಿ ಕಲಿಸಿದವರು. ಈ ವರ್ಷ ಮೆದುಳು ಜ್ವರದ ಮಕ್ಕಳು ಮಂಚಕ್ಕಿಬ್ಬರಂತೆ ತುಂಬಿದರು. ಬಿಟ್ಟುಹೋದ ನರ್ಸುಗಳ ಬದಲಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ದೀದಿ ಕೇಳಿದಾಗಲೆಲ್ಲ ಆಸ್ಪತ್ರೆಯ ದೊಡ್ಡ ಸಾಹೇಬರದು ಒಂದೇ ಮಾತು: "ಅಡ್ಜಸ್ಟ್ ಕರ್ ಲೀಜಿಯೇ," ಹೇಗೋ ಹೊಂದಿಸಿಕೊಳ್ಳಿ ಅಂತ. ಒಂದು ಮಗು ಹೋದರೆ ಅಳಲು ಪುರುಸೊತ್ತಿಲ್ಲ. ಆ ಹಾಸಿಗೆಗೆ ಕೂಡಲೇ ಬೇರೆ ಚಾದರ ಹಾಸಬೇಕು, ಹೊರಗೆ ಇನ್ನೊಂದು ಮಗು ಕಾಯುತ್ತಿರುತ್ತದೆ.

ಒಂದು ಮಧ್ಯಾಹ್ನ ಹಾಗೆ ಚಾದರ ಹಾಸುತ್ತಿದ್ದ ದೀದಿ ಅರ್ಧಕ್ಕೇ ಬಿಟ್ಟು ಹೊರಗೆ ನಡೆದುಬಿಟ್ಟರು. ಹುಡುಕುತ್ತಾ ಹೋದೆ. ಹರಿಶ್ಚಂದ್ರ ಘಾಟಿನಲ್ಲಿ, ಯೂನಿಫಾರ್ಮಿನಲ್ಲೇ ಕೂತಿದ್ದರು. ನೋಡುತ್ತಿದ್ದುದು ಚಿತೆಗಳನ್ನಲ್ಲ, ನೀರನ್ನು. ಎಳೆಯ ಮಕ್ಕಳನ್ನು ಇಲ್ಲಿ ಸುಡುವುದಿಲ್ಲ, ಗಂಗೆಗೆ ಒಪ್ಪಿಸುತ್ತಾರೆ.

"ದೀದಿ, ಘರ್ ಚಲಿಯೇ," ಎಂದು ಮನೆಗೆ ಕರೆದೆ.

ತುಟಿಗೆ ಬೆರಳಿಟ್ಟರು. "ಧೀರೇ ಬೋಲೋ, ತಾರಾ. ಅಭೀ ಅಭೀ ಸೋಯೇ ಹೈಂ."

ಮೆಲ್ಲಗೆ ಮಾತಾಡಬೇಕಂತೆ, ಮಕ್ಕಳು ಈಗತಾನೇ ಮಲಗಿದ್ದಾರಂತೆ!

ರಿಕ್ಷಾದಲ್ಲಿ ಕೂರಿಸಿ ಮನೆಗೆ ಬಿಟ್ಟುಬಂದೆ. ಈಗ ಅವರು ಯಾರೊಂದಿಗೂ ಮಾತಾಡುವುದಿಲ್ಲ. ಡ್ಯೂಟಿ ಬಿಟ್ಟುಹೋದರೆಂದು ಕೆಲಸದಿಂದ ತೆಗೆದರು. ವಾರ್ಡಿನಲ್ಲಿ ಅವರಿಗಿದ್ದ ಹೊಣೆಯನ್ನು ನನಗೆ ವಹಿಸಲು ಹೊರಟರು. "ಇನ್ನಿಬ್ಬರು ನರ್ಸುಗಳನ್ನು ಕೊಡಿ, ಆಮೇಲೆ ಒಪ್ಪುತ್ತೇನೆ," ಎಂದೆ. "ಈಗ ನಿಮ್ಮದೂ ಶುರುವಾಯಿತೇ?" ಎಂದು ಸಾಹೇಬರು ನಕ್ಕರು.

"ಬಿಟ್ಟು ಬಾ ತಾರಾ. ನಮಗ ಊಟಕ್ಕೇನು ಕಡಿಮಿ ಐತಿ?" ಎಂದರು ನಿನ್ನ ಭಾವ.

"ನಾನೂ ಬಿಟ್ಟರ ಆ ಕೂಸುಗಳನ್ನ ಯಾರು ನೋಡತಾರ್ರಿ?" ಎಂದೆ. ದೀದಿಯ ಹೊಣೆ ಒಪ್ಪಿಕೊಂಡೆ.

ಸಂಜೆ ದೀಪ ಹಾಕುವ ಹೊತ್ತಿಗೆ ದೀದಿ ಮಂಚಗಳ ನಡುವೆ ಬಾಗಿ ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಯಾರೂ ಇರುವುದಿಲ್ಲ. ಬದುಕಿರುವವರೂ ಹೀಗೆ ಕಾಡುತ್ತಾರೆಯೇ, ರೇಖಾ?

ನೀನು ಇಲ್ಲಿಗೆ ಬರಬೇಡ. ಗದಗಿನಲ್ಲೇ ಎಲ್ಲಾದರೂ ಸೇರು. ಸೇರುವ ಮೊದಲು ವಾರ್ಡಿಗೆ ಎಷ್ಟು ಜನ ನರ್ಸುಗಳೆಂದು ಕೇಳು, ನಾಚಿಕೊಳ್ಳಬೇಡ. ವಿಶ್ವನಾಥ ನಿನ್ನ ಕೈಗೆ ಗುಣ ಕೊಡಲಿ, ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ ಅಕ್ಕ,
ತಾರಾದೇವಿ

ತಾ.ಕ.: ಹೋದ ವಾರ ನಮ್ಮ ಮಗಳು ನೀಲಾಗೆ ಜ್ವರ ಬಂದಿತ್ತು. ಈಗ ಇಳಿದಿದೆ, ಗಾಬರಿಯಾಗಬೇಡ. ಮಲಗಿದಲ್ಲಿಂದಲೇ "ಮಮ್ಮೀ, ಮಮ್ಮೀ" ಎಂದು ಬಹಳ ಹೊತ್ತು ಕರೆದಳಂತೆ. ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಲೇ ಇಲ್ಲ. ಕೊನೆಗೆ ವಾರ್ಡಿನವರಂತೆ "ಸಿಸ್ಟರ್" ಎಂದಳು. ತಟ್ಟನೆ ಎದ್ದು ನಿಂತೆ.